ಕಾಗದದ ತೂಕ ಏರಿಸುವ ಮುನ್ನ ಆಕ್ಸಲ್ ತೂಗಿಸಿ

ಬ್ರಿಟನ್ನಿನಲ್ಲಿ 3,500 ಕೆಜಿ ಒಟ್ಟು ತೂಕದ ಮಿತಿಯಿರುವ, ಒಳಗೇ ವಾಸಿಸಬಹುದಾದ ಮೋಟಾರ್‌ಹೋಮ್‌ಗೆ ಗಾಡಿಯಲ್ಲಿ ಏನೂ ಬದಲಿಸದೆ ಕಾಗದದ ಮೇಲೇ ಹೆಚ್ಚಿನ ಮಿತಿ ಪಡೆಯಬಹುದು, ನಮ್ಮಲ್ಲೂ ಹಾಗೇ ಆಗಲಿ ಎಂದು ಇಂಥ ಗಾಡಿಗಳ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಪುಣೆಯಿಂದ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಧಾರವಾಡಕ್ಕೆ ಗಾಡಿ ಓಡಿಸುವ ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಅಲ್ಲಿಯೂ ಬರೀ ಕಾಗದದಲ್ಲಿ ಕೆಲಸ ಮುಗಿಯುವುದು ಚಾಸಿ (ಗಾಡಿಯ ಅಡಿಚೌಕಟ್ಟು), ಆಕ್ಸಲ್ (ಚಕ್ರಗಳ ಅಚ್ಚು), ಬ್ರೇಕು, ಟೈರುಗಳಿಗೆ ಆ ಭಾರ ಹೊರುವ ಶಕ್ತಿ ಮೊದಲೇ ಇದ್ದರೆ ಮಾತ್ರ.

ಲೇಖನ ಹಿಂದಿನ ಆಕ್ಸಲ್ ಬಗ್ಗೆ ಏನೂ ಹೇಳಿಲ್ಲ. ನಿಜವಾದ ತೊಂದರೆ ಇರುವುದೇ ಅಲ್ಲಿ. ನೂರು ಲೀಟರ್ ನೀರೆಂದರೆ ನೂರು ಕೆಜಿ. ಆ ಟ್ಯಾಂಕು ಹಿಂಚಕ್ರಕ್ಕಿಂತ ಹಿಂದೆ ಚಾಚಿಕೊಂಡಿದ್ದರೆ ಮೀಟುಗೋಲಿನಂತೆ ಮುಂಭಾಗವನ್ನು ಎತ್ತುತ್ತದೆ, ಹಿಂದಿನ ಆಕ್ಸಲ್ ಮೇಲೆ ನೂರಕ್ಕಿಂತ ಹೆಚ್ಚೇ ಬೀಳುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಟೈರು ಸೋಲಬಹುದು. ಟೈರಿನ ಮೇಲೆ 121 ಎಂಬ ಲೋಡ್ ಇಂಡೆಕ್ಸ್, ಅಂದರೆ ಭಾರ ಹೊರುವ ಶಕ್ತಿಯ ಸಂಕೇತ ಸಂಖ್ಯೆ, ಇದ್ದರೆ ಅದು ಹೊರುವುದು 1,450 ಕೆಜಿ, 116 ಇದ್ದರೆ 1,250. ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟಿನ ಇಳಿಜಾರಿನಲ್ಲಿ ಮಕ್ಕಳು ಹಿಂದೆ ಕೂತಿರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. ಗ್ಯಾರೇಜಿನವರು ಸ್ಪ್ರಿಂಗ್ ಪಟ್ಟಿ ಜಾಸ್ತಿ ಹಾಕಿದ ಮಾತ್ರಕ್ಕೆ ಮಿತಿ ಏರುತ್ತದೆಂದು ದಯವಿಟ್ಟು ನಂಬಬೇಡಿ, ಅದು ಏರುವುದಿಲ್ಲ. ಇಂಥ ಮನೆಗಾಡಿಗಳಿಗೆ, ಅಂದರೆ ಕ್ಯಾರವಾನ್‌ಗಳಿಗೆಂದೇ, ಎಐಎಸ್-124 ಎಂಬ ಭಾರತೀಯ ವಾಹನ ಮಾನದಂಡವಿದೆ. ಗಾಡಿ ಕಟ್ಟಿಸುವವರು ಮೊದಲೇ ಅದನ್ನು ಕೇಳಿ.

ಹೊರಡುವ ಮುನ್ನ ಹೆದ್ದಾರಿ ಬದಿಯ ವಜನ ಕಾಟಾಕ್ಕೆ ಹೋಗಿ. ನೀರು, ಗ್ಯಾಸು, ಅಜ್ಜಿ, ಮಕ್ಕಳು ಎಲ್ಲರೂ ಒಳಗಿರಲಿ. ಮುಂದಿನ, ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗಿಸಿ.