ದನಿ ಒಡೆದ ಹುಡುಗನೂ ಹಾಡಬೇಕು

ಹಾಡಿನ ಸ್ಪರ್ಧೆ ಹತ್ತಿರ ಬಂತೆಂದರೆ ನಮ್ಮ ರಾಯಚೂರಿನ ಕಡೆಯ ಪ್ರೌಢಶಾಲೆಗಳಿಗೆ ಸಮೂಹ ಗಾಯನ ನೆನಪಾಗುತ್ತದೆ. ಚೆನ್ನಾಗಿ ಹಾಡುವ ನಾಲ್ಕಾರು ಹುಡುಗಿಯರನ್ನು ಆರಿಸಿ, ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿ ಒಂದೇ ಹಾಡನ್ನು ತಿದ್ದಿ ತೀಡುತ್ತಾರೆ. ಸ್ಪರ್ಧೆ ಮುಗಿದ ದಿನವೇ ಆ ವರ್ಷದ ಸಂಗೀತವೂ ಮುಗಿಯುತ್ತದೆ. ಇದನ್ನು ಕಲಿಕೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಟ್ರ್ಯಾಕ್ ನಿಂತರೆ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’ ಸ್ವರ, ಎಲ್ಲಿದೆ ಎಂದು ಆ ಮಕ್ಕಳಿಗೇ ತಿಳಿಯುವುದಿಲ್ಲ.

ಎಂಟರಿಂದ ಹತ್ತನೆಯ ತರಗತಿಯವರೆಗೆ ಹಾಡಿದ ಮಗು ಹಾರ್ಮೋನಿಯಂನ ಒಂದು ಸ್ವರ ಕೇಳಿ ತನ್ನ ದನಿಯನ್ನು ಅದಕ್ಕೆ ಸೇರಿಸುವಂತಾಗಬೇಕು. ಪಕ್ಕದವರ ದನಿ ಕೇಳುತ್ತಿರುವಷ್ಟೇ ತನ್ನದನ್ನು ಏರಿಸಬೇಕು. ಉದ್ದನೆಯ ಸಾಲಿನಲ್ಲಿ ಎಲ್ಲರೂ ಒಮ್ಮೆಲೇ ಉಸಿರೆಳೆದರೆ ಹಾಡು ಕಡಿಯುತ್ತದೆ; ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಸ್ವರ ಹಿಡಿದಿರಬೇಕು. ಮನೆಯಲ್ಲಿ ಒಬ್ಬರೇ ಕುಳಿತು ಎಷ್ಟು ಅಭ್ಯಾಸ ಮಾಡಿದರೂ ಇದು ಬರುವುದಿಲ್ಲ.

ನನಗೆ ಹೆಚ್ಚು ಸಂಕಟವಾಗುವುದು ಹುಡುಗರ ವಿಷಯದಲ್ಲಿ. ಸರಿಯಾಗಿ ಪ್ರೌಢಶಾಲೆಯ ವಯಸ್ಸಿನಲ್ಲೇ ಅವರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ, ದನಿ ಹೆಚ್ಚುಕಡಿಮೆ ಒಂದು ಸಪ್ತಕ, ಅಂದರೆ ಏಳು ಸ್ವರದಷ್ಟು, ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಬದಲಾಗುತ್ತದೆ, ಆದರೆ ಎರಡು ಮೂರು ಸ್ವರದಷ್ಟು ಮಾತ್ರ. ಭಜನೆಯಲ್ಲಿ ಮುಂದೆ ಕುಳಿತು ಹಾಡುತ್ತಿದ್ದ ನನ್ನ ಅಕ್ಕನ ಮಗನಿಗೆ ಶಾಲೆಯಲ್ಲಿ ‘ಸುಮ್ಮನೆ ಬಾಯಿ ಆಡಿಸು, ದನಿ ತೆಗೆಯಬೇಡ’ ಎಂದರು. ಅವನು ಭಜನೆಗೆ ಹೋಗುವುದನ್ನೂ ಬಿಟ್ಟ. ಆಗುತ್ತಿರುವುದು ದೇಹದ ಬೆಳವಣಿಗೆ, ಹಾಡುವ ಶಕ್ತಿ ಹೋದದ್ದಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ. ವಿಜ್ಞಾನದ ಶಿಕ್ಷಕರು ಒಂದು ಅವಧಿಯಲ್ಲಿ ವಿವರಿಸಬಹುದಾದ ಸಂಗತಿ ಇದು!

ಹುಡುಗಿಯರಿಗೆ ಒಪ್ಪುವ ಕಪ್ಪು ಐದರ (ಹಾರ್ಮೋನಿಯಂನ ಐದನೆಯ ಕಪ್ಪು ಮನೆಯ) ಶ್ರುತಿಯಲ್ಲೇ ಹುಡುಗರಿಂದಲೂ ಹಾಡಿಸಿದರೆ ಅವರು ಕಿರುಚುತ್ತಾರೆ, ಇಲ್ಲವೇ ಬಾಯಿ ಮುಚ್ಚುತ್ತಾರೆ. ಇಬ್ಬರಿಗೂ ಹೊಂದುವ ಶ್ರುತಿ ಹುಡುಕಬೇಕು. ಸಿಗದಿದ್ದರೆ ಸಾಲುಗಳನ್ನು ಹಂಚಬೇಕು. ದನಿ ಒಡೆಯುತ್ತಿರುವ ಹುಡುಗನಿಗೆ ನಾಲ್ಕೈದು ಸ್ವರದೊಳಗಿನ ಪಲ್ಲವಿ ಕೊಡಿ, ತಾಳ ಕೊಡಿ, ಅವನನ್ನು ಗುಂಪಿನಲ್ಲಿ ಉಳಿಸಿಕೊಳ್ಳಿ.

ಯಾವ ಹಾಡು ಕಲಿಸಬೇಕೆಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ಮೂವರೂ ನಮ್ಮ ಜಿಲ್ಲೆಯವರು. ನಮ್ಮ ಮಕ್ಕಳು ಅವರ ಅಂಕಿತನಾಮಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ, ಕೀರ್ತನೆ ಹಾಡುವುದಿಲ್ಲ. ತತ್ವಪದಗಳಿವೆ, ಮೊಹರಂ ಪದಗಳಿವೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರ ಬುರ್ರಕಥೆಯಲ್ಲಿ ಮುಖ್ಯ ಹಾಡುಗಾರ್ತಿ ಸಾಲು ಬಿಟ್ಟ ಕೂಡಲೇ ಜೊತೆಯವರು ಎತ್ತಿಕೊಳ್ಳುತ್ತಿದ್ದರು. ಹಿಮ್ಮೇಳದ ಆ ಎಚ್ಚರ, ಆ ಕಿವಿ ನಮ್ಮ ಮಕ್ಕಳಿಗೂ ಬರಬೇಕು.

ಅಭ್ಯಾಸಕ್ಕೆ ಸಮಯವಿಲ್ಲ ಎನ್ನುವವರು ಬೆಳಗಿನ ಪ್ರಾರ್ಥನೆಯನ್ನು ನೋಡಲಿ. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡಿನ ಅವಧಿ ಎಂದು 2022ರಲ್ಲಿ ಸರ್ಕಾರವೇ ಆದೇಶಿಸಿದೆ. ಧ್ವನಿವರ್ಧಕದಲ್ಲಿ ಅದನ್ನು ಹಾಕಿ ಮಕ್ಕಳನ್ನು ಸುಮ್ಮನೆ ನಿಲ್ಲಿಸುವುದು ಬೇಡ. ಮೊದಲು ಷಡ್ಜ ಕೊಟ್ಟು ಅವರಿಂದಲೇ ಹಾಡಿಸಿ.

ಸಂಗೀತ ಶಿಕ್ಷಕರಿಲ್ಲದ ಸರ್ಕಾರಿ ಪ್ರೌಢಶಾಲೆಗಳೇ ಹೆಚ್ಚು ಎಂಬುದು ನಿಜ. ನೇಮಕಾತಿಗೆ ಒತ್ತಾಯಿಸೋಣ. ಅಲ್ಲಿಯವರೆಗೆ ಊರಿನ ಭಜನಾ ಮಂಡಳಿಯ ಹಾರ್ಮೋನಿಯಂ ಮಾಸ್ತರರನ್ನು ವಾರಕ್ಕೊಂದು ಅವಧಿಗೆ ಕರೆಸಿ, ಗೌರವಧನ ಕೊಡುವ ವಿಷಯವನ್ನು ನಿಮ್ಮ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎತ್ತಿ. ನಮ್ಮೂರಿನ ಸಭೆಯಲ್ಲಿ ನಾನು ಎತ್ತುತ್ತೇನೆ.