ಆರಿಸಿಕೊಳ್ಳದೆ ಕೇಳುವ ಸಂಜೆ

ಸಂಜೆ ಹೊತ್ತಿನ ಆಕಾಶವಾಣಿ ಉಳಿಯಬೇಕು. ಅದೂ ಒಂದು ಹಾಡು, ಒಂದು ಮಾತುಕತೆ, ಒಂದು ನಾಟಕ, ನಡುವೆ ಒಂದಿಷ್ಟು ನಗು ಅಂತ ಎಲ್ಲ ಬೆರೆತ ಹಾಗೇ ಉಳಿಯಬೇಕು. ಹಾಸನದಲ್ಲಿ, ದಿನಾ ಸಂಜೆ ರೇಡಿಯೋ ಹಾಕುವ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗ ಕಾಲೇಜಿಗೆ ಹೋಗುವ ಹುಡುಗ. ಒಳ್ಳೆಯ ಪ್ರಶ್ನೆಯನ್ನೇ ಕೇಳಿದ. "ಚಿಕ್ಕಮ್ಮ, ಬೇಕಾದ ಹಾಡು ಫೋನಲ್ಲೇ ಸಿಗುತ್ತಲ್ಲ. ಬೇಡದ್ದನ್ನೆಲ್ಲ ಯಾಕೆ ಕೇಳ್ತಾ ಕೂರ್ತೀರಿ?" ಬೇಕು ಬೇಡ ಅನ್ನೋದು ಕೇಳಿದ ಮೇಲೆ ತಾನೇ ಗೊತ್ತಾಗೋದು ಅಂದೆ. ಗಮಕ ನನಗೆ ಇಷ್ಟ ಅಂತ ನನಗೇ ಗೊತ್ತಿರಲಿಲ್ಲ. ಒಂದು ಸಂಜೆ ಕೃಷಿರಂಗ ಮುಗಿದಿತ್ತು, ರೇಡಿಯೋ ಹಾಗೇ ಹಾಡುತ್ತಿತ್ತು. ನಮ್ಮ ಕಡೂರು ಸೀಮೆಯ ದೇವನೂರಿನ ಕವಿ ಲಕ್ಷ್ಮೀಶನ ಷಟ್ಪದಿ ಬಂತು. ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಕಾಯಿ ಮುಗಿದರೂ ಏಳಲು ಮನಸ್ಸಾಗಲಿಲ್ಲ. ಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತ ಪದ್ಯ, ರಾಗ ಸಿಕ್ಕ ಕೂಡಲೇ ತಾನಾಗಿ ಅರ್ಥವಾಯಿತು. ಅದನ್ನು ಫೋನಲ್ಲಿ ಯಾವ ಹೆಸರು ಹಾಕಿ ಹುಡುಕುತ್ತಿದ್ದೆ ನಾನು?

ಫೋನು ನಿನ್ನೆ ಕೇಳಿದ್ದನ್ನು ಹೋಲುವುದನ್ನೇ ಇವತ್ತೂ ಕೊಡುತ್ತದೆ. ನಾಳೆ ಇನ್ನೂ ಹತ್ತಿರದ್ದು. ರೇಡಿಯೋದ ಸಂಜೆ ಸಂತೆಯ ಹಾಗೆ. ಸೊಪ್ಪು ತರಲು ಹೋದವರು ಬಳೆಯವರನ್ನೂ ಕುಡುಗೋಲಿನವರನ್ನೂ ಮಾತಾಡಿಸಿಕೊಂಡು ಬರುತ್ತೇವೆ. ಪೇಟೆ ಧಾರಣೆ ಕೇಳಲು ರೇಡಿಯೋ ಹಾಕಿದ ಕಾಫಿ ಬೆಳೆಗಾರ, ಅದನ್ನು ಆಫ್ ಮಾಡದೇ ಬಿಟ್ಟರೆ ಭಾವಗೀತೆ ಕೇಳುತ್ತಾನೆ. ಭಾವಗೀತೆಗೆ ಅಂತ ಹಾಕಿದ ಮೇಷ್ಟ್ರು ಅಡಿಕೆ ಕೊಳೆ ರೋಗದ ಬಗ್ಗೆ ಕೇಳಿಸಿಕೊಳ್ಳುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೇರೆಯವರು ಆರಿಸಿ ಕೊಟ್ಟದ್ದೆಲ್ಲ ಒಳ್ಳೆಯದೇ ಅಂತ ನಾನು ಹೇಳುತ್ತಿಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಕೇಂದ್ರದ ವಾರ್ತಾ ಮಂತ್ರಿ ಆದರು. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾದದ್ದು ಅದೇ ವರ್ಷ. ಹಳ್ಳಿಯ ಮನೆಗೂ ದೊಡ್ಡ ವಿದ್ವಾಂಸರ ಕಚೇರಿ ಬಂತು. ಅದು ದೊಡ್ಡ ಉಪಕಾರ. ಆದರೆ ಅವರಿಗೆ ಸಿನಿಮಾ ಹಾಡು ಕಂಡರೆ ಆಗುತ್ತಿರಲಿಲ್ಲ. ಅವರ ಕಾಲದಲ್ಲೇ ಸಿನಿಮಾ ಹಾಡು ಆಕಾಶವಾಣಿಯಿಂದ ಮರೆಯಾಯಿತು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೋ ಸಿಲೋನ್ ಹಾಕಿಕೊಂಡರು. ನಿರೂಪಕ ಅಮೀನ್ ಸಯಾನಿ ಅವರ ದನಿ ದೇಶಕ್ಕೆಲ್ಲ ಗೊತ್ತಾದದ್ದು ಅಲ್ಲಿಂದ. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಬೇಕಾಯಿತು. "ಪಂಚರಂಗಿ ಕಾರ್ಯಕ್ರಮ" ಅಂತಲೇ ಅದನ್ನು ಕರೆದರು. ಹಾಡಿನ ಜೊತೆಗೆ ಹವಾಮಹಲ್‌ನ ಪುಟ್ಟ ನಾಟಕ, ಸೈನಿಕರಿಗೆ ಅಂತ ಜಯಮಾಲಾ. ಬೆರಕೆ ಮಾಡುವವರಿಗೆ ಕೇಳುವವರ ನಾಡಿ ಗೊತ್ತಿರಬೇಕು. ಜನಕ್ಕೆ ಇಷ್ಟವಾದದ್ದೂ ಇರಬೇಕು, ಅದರ ಪಕ್ಕದಲ್ಲೇ ಅವರು ಕೇಳಿರದದ್ದೂ ಇರಬೇಕು.

ನಮ್ಮ ಸೀಮೆಗೆ ಇದು ಇನ್ನೂ ಹಳೆಯ ಸಂಗತಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. 30 ವ್ಯಾಟ್‌ನ ಟ್ರಾನ್ಸ್‌ಮಿಟರ್. ಒಂದು ಹಳೆ ಟ್ಯೂಬ್‌ಲೈಟ್ ಉರಿಸಲೂ ಅದಕ್ಕಿಂತ ಜಾಸ್ತಿ ಕರೆಂಟು ಬೇಕು. ಅಷ್ಟರಲ್ಲಿ ಒಬ್ಬ ಮೇಷ್ಟ್ರು ಊರಿಗೆ ಮಾತು ಸಂಗೀತ ಎರಡನ್ನೂ ಕೇಳಿಸಿದರು.

ಈಗ ನಾಟಕದ ವಿಷಯಕ್ಕೆ ಬರುತ್ತೇನೆ. ನನಗೆ ತುಂಬಾ ಹತ್ತಿರದ್ದು ಅದೇ.

ಆಷಾಢದಲ್ಲಿ ಸಕಲೇಶಪುರದ ಕಡೆ ನಮ್ಮ ಅಮ್ಮನ ಮನೆಯಲ್ಲಿದ್ದೆ. ಮಳೆ ಹಿಡಿದರೆ ಅಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಸೆಲ್ಲು ಹಾಕಿದ ರೇಡಿಯೋ ಗೂಡಿನಲ್ಲಿತ್ತು. ನಾಟಕ ಬರುತ್ತಿತ್ತು. ಗಂಡ ಹೆಂಡತಿ ಊಟಕ್ಕೆ ಕೂತಿದ್ದಾರೆ. ಮಗನ ಮದುವೆ ಮಾತು. ಆಕೆ ಏನೋ ಕೇಳುತ್ತಾಳೆ, ಆತ ಉತ್ತರ ಕೊಡುವುದಿಲ್ಲ. ಅನ್ನ ಬಡಿಸುವ ಸೌಟಿನ ಸದ್ದು. ಮತ್ತೆ ಕೇಳುತ್ತಾಳೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸ್ಟೀಲ್ ಲೋಟವನ್ನು ನೆಲಕ್ಕೆ ಕುಕ್ಕಿದ ಸದ್ದು, ಅಷ್ಟೇ. ಅಮ್ಮ ಕತ್ತಲೆಯಲ್ಲೇ ಅಂದರು, "ಉಣ್ಣಲಿಲ್ಲ ಕಣೆ ಅವನು. ಎದ್ದು ಹೋದ." ಎದ್ದು ಹೋದ ಅಂತ ಯಾರೂ ಹೇಳಿರಲಿಲ್ಲ. ಅಮ್ಮ ಅವನನ್ನು ಕಂಡಿದ್ದರು. ಅವನ ಪಂಚೆ ಬಣ್ಣ ಕೇಳಿದ್ದರೂ ಹೇಳುತ್ತಿದ್ದರೋ ಏನೋ.

ಇಂಥ ಒಂದು ಸದ್ದಿನ ಹಿಂದೆ ಎಷ್ಟು ಕೆಲಸ ಇರುತ್ತದೆ! ರೇಡಿಯೋ ನಾಟಕದಲ್ಲಿ ಮೈಕೇ ರಂಗಮಂದಿರ. ಮೈಕಿಗೆ ಹತ್ತಿರ ಬಂದು ಪಿಸುಗುಟ್ಟಿದರೆ ಅದು ಮನಸ್ಸಿನ ಮಾತು. ನಾಲ್ಕು ಹೆಜ್ಜೆ ಹಿಂದೆ ಹೋಗಿ ಕೂಗಿದರೆ ಅಂಗಳದಿಂದ ಕರೆದ ಹಾಗೆ. ಮುಖ ತಿರುಗಿಸಿದರೂ ದನಿ ಬದಲಾಗುತ್ತದೆ. ಕೈಯಲ್ಲಿ ಸ್ಕ್ರಿಪ್ಟ್ ಇರುತ್ತದೆ, ಆದರೆ ಹಾಳೆ ಮಗುಚುವ ಸರಸರ ಕೇಳಬಾರದು. ಕುದುರೆ ಓಡಬೇಕಾದರೆ ತೆಂಗಿನ ಚಿಪ್ಪು ಸಾಕು. ಬಾಗಿಲು ಕಿರುಗುಟ್ಟಲು ನಿಜವಾದ ಕೀಲು ಬೇಕು. ಇಷ್ಟೆಲ್ಲ ಮಾಡಿಯೂ ಕಲಾವಿದರ ಮುಖ ಯಾರಿಗೂ ಕಾಣುವುದಿಲ್ಲ.

ಈ ಕಲಾವಿದರು ಸುಮ್ನೆ ಒಳಗೆ ಬಂದವರಲ್ಲ. ಆಕಾಶವಾಣಿಯಲ್ಲಿ ನಾಟಕಕ್ಕೂ ಆಡಿಷನ್ ಉಂಟು, ಸಂಗೀತಕ್ಕೂ ಉಂಟು. ಬಿ, ಬಿ ಹೈ, ಎ, ಟಾಪ್ ಅಂತ ಗ್ರೇಡ್ ಇದೆ. ನಮ್ಮ ಊರುಗಳಲ್ಲಿ ಮದುವೆ ಮನೆಯಲ್ಲಿ ಹಾಡುವವರನ್ನು ಪರಿಚಯ ಮಾಡಿಸುವಾಗ "ಇವರು ಆಕಾಶವಾಣಿ ಬಿ ಹೈ ಗ್ರೇಡ್" ಅಂತ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆ ನ್ಯಾಯವಾದದ್ದು. ಬೆಂಗಳೂರು ಆಕಾಶವಾಣಿಯಲ್ಲಿ ಎ.ಎಸ್. ಮೂರ್ತಿಯವರು "ಈರಣ್ಣ" ಆಗಿ ಮನೆಮನೆಯ ಮಾತಾದರು. ಯಮುನಾ ಮೂರ್ತಿಯವರ ಹೆಸರು ಕೇಳಿದರೆ ಹಳೆಯ ಕೇಳುಗರಿಗೆ ಈಗಲೂ ರೇಡಿಯೋ ನಾಟಕವೇ ನೆನಪಾಗುತ್ತದೆ. ಇವರನ್ನೆಲ್ಲ ಬೀದಿಯಲ್ಲಿ ನೋಡಿ ಗುರುತು ಹಿಡಿಯದವರೂ ಒಂದು ಮಾತು ಆಡಿದ್ದರೆ ಸಾಕು, ಹಿಡಿದುಬಿಡುತ್ತಿದ್ದರು.

1956ರಿಂದ ರಾಷ್ಟ್ರೀಯ ನಾಟಕ ಕಾರ್ಯಕ್ರಮ ಅಂತಲೂ ಒಂದು ಇದೆ. ಯಾವುದೋ ಒಂದು ಭಾಷೆಯ ನಾಟಕವನ್ನು ಬೇರೆ ಬೇರೆ ಭಾಷೆಗೆ ತಂದು ಆಯಾ ಸೀಮೆಯ ಕೇಂದ್ರಗಳಿಂದ ಪ್ರಸಾರ ಮಾಡುತ್ತಾ ಬಂದರು. ಮರಾಠಿಯವರ ಸಂಸಾರದ ಜಗಳ, ಬಂಗಾಳದ ನದಿ ದಡದ ಬಡತನ, ಎಲ್ಲ ನಮ್ಮ ಅಡುಗೆಮನೆಗೆ ಕನ್ನಡದಲ್ಲೇ ಬಂತು. ಅನುವಾದದ ಪುಸ್ತಕ ಕೊಂಡು ಓದುವ ಅನುಕೂಲ ನಮ್ಮ ಅಮ್ಮನಿಗೆ ಇರಲಿಲ್ಲ. ಆದರೆ ಬೇರೆ ರಾಜ್ಯದ ಅತ್ತೆ ಸೊಸೆ ಹೇಗೆ ಮಾತಾಡಿಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತು.

ಹಾಸ್ಯದ ಬಗ್ಗೆ ನನಗೆ ಸ್ವಲ್ಪ ಹಟವೇ ಇದೆ. ಟೀವಿಯ ಹಾಸ್ಯದಲ್ಲಿ ಒಬ್ಬರು ನಕ್ಕು ತೋರಿಸುತ್ತಾರೆ, ಹಿಂದೆ ಢಣ್ ಅಂತ ಸದ್ದು ಬೇರೆ. ಗಂಡಸಿಗೆ ಸೀರೆ ಉಡಿಸುವುದು, ದಪ್ಪಗಿರುವವರನ್ನು ಆಡಿಕೊಳ್ಳುವುದು. ರೇಡಿಯೋ ಪ್ರಹಸನದಲ್ಲಿ ಅದು ನಡೆಯುವುದಿಲ್ಲ. ಕಾಣುವುದೇ ಇಲ್ಲವಲ್ಲ! ಮಾತಿನಿಂದಲೇ ನಗಿಸಬೇಕು. ಅದರಲ್ಲೂ ಸ್ಥಳೀಯ ಕೇಂದ್ರದಲ್ಲಿ ನಮ್ಮದೇ ಮಾತು ಬರುತ್ತದೆ. "ಏನಣ್ಣೋ, ಎಲ್ಗೆ ಹೊಂಟೆ?" ಅಂತ ಒಬ್ಬ ಕೇಳಿದ ಕೂಡಲೇ ಅದು ಬೇಲೂರು ರಸ್ತೆಯಲ್ಲಿ ಬಸ್ಸಿಗೆ ಕಾಯುವವನ ದನಿ ಅಂತ ಗೊತ್ತಾಗುತ್ತದೆ. ಮೂಡಿಗೆರೆ, ಕೊಪ್ಪದ ಕಡೆಯ ಪಾತ್ರ ಬಂದರೆ ರಾಗವೇ ಬೇರೆ. ಎರಡೂ ಸೀಮೆಯವರು ಒಂದು ಜಗಲಿಯ ಮೇಲೆ ಕೂತು ಮೆಣಸಿನ ರೇಟಿನ ಬಗ್ಗೆ ವಾದಕ್ಕೆ ಇಳಿದರೆ ನಗೆಗೆ ಬೇರೆ ಏನೂ ಬೇಡ. ಬೆಂಗಳೂರಿನಲ್ಲಿ ಕೂತು ಎಲ್ಲರಿಗೂ ಒಂದೇ ಕಾರ್ಯಕ್ರಮ ಮಾಡಿದರೆ ಈ ರಾಗ ಹೋಗಿಬಿಡುತ್ತದೆ. ಹಾಸನಕ್ಕೆ ಹಾಸನದ ಸಂಜೆ ಬೇಕು ಅನ್ನುವುದು ಇದಕ್ಕೇ.

ಮಲೆನಾಡಿನಲ್ಲಿ ಕೇಳುವುದೂ ಒಂದು ಕಸುಬು. ಹಾಸನದ 102.2 ಎಫ್‌ಎಂ ಊರಲ್ಲಿ ಸ್ವಚ್ಛವಾಗಿ ಸಿಗುತ್ತದೆ. ಎಫ್‌ಎಂ ಅಲೆ ನೇರವಾಗಿ ಹೋಗುವಂಥದ್ದು, ದೊಡ್ಡ ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಕಣಿವೆಗೆ ಸರಿಯಾಗಿ ಇಳಿಯುವುದಿಲ್ಲ. ಮೀಡಿಯಂ ವೇವ್ ಹಾಗಲ್ಲ. ಚಿಕ್ಕಮಗಳೂರಿನ ತೋಟಗಳಲ್ಲಿ ಭದ್ರಾವತಿಯ 675 ಕಿಲೋಹರ್ಟ್ಸ್ ಸ್ಟೇಷನ್ ಬರುತ್ತಿತ್ತು. ಕತ್ತಲಾದರೆ ಧಾರವಾಡದ 765 ಕೂಡ ತೇಲಿ ಬರುತ್ತಿತ್ತು. ಹಗಲು ಆಕಾಶದ ಮೇಲ್ಪದರಗಳಲ್ಲಿ ಒಂದು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆ ಇನ್ನೂ ಮೇಲಕ್ಕೆ ಹೋಗಿ, ಅಲ್ಲಿಂದ ಬಾಗಿ, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ದೂರದ ಸ್ಟೇಷನ್‌ಗಳು ಸಂಜೆಯ ಮೇಲೆ ಚೆನ್ನಾಗಿ ಬರುವುದು ಹೀಗೆ. ನಮ್ಮ ದೊಡ್ಡಪ್ಪ ರೇಡಿಯೋವನ್ನು ಗೂಡಿನಲ್ಲಿ ಓರೆಯಾಗಿ ಇಡುತ್ತಿದ್ದರು, ಯಾರನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಸೆಟ್ಟಿನ ಒಳಗೆ ತಂತಿ ಸುತ್ತಿದ ಕಪ್ಪು ಕಡ್ಡಿ ಇರುತ್ತದೆ. ಅದರ ಉದ್ದದ ಮಗ್ಗುಲು ಸ್ಟೇಷನ್ ಕಡೆಗಿದ್ದರೆ ದನಿ ಜೋರು, ತುದಿ ಆ ಕಡೆ ತಿರುಗಿದರೆ ಸಣ್ಣ. ದೊಡ್ಡಪ್ಪನಿಗೆ ಕಡ್ಡಿಯ ವಿಷಯ ಗೊತ್ತಿರಲಿಲ್ಲ, ಯಾವ ಮೂಲೆಗೆ ತಿರುಗಿಸಿದರೆ ಭದ್ರಾವತಿ ಅನ್ನುವುದು ಮಾತ್ರ ಗೊತ್ತಿತ್ತು.

ಈಗ ಮೊಬೈಲಿನಲ್ಲಿ "ನ್ಯೂಸ್ ಆನ್ ಏರ್" ಆ್ಯಪ್ ಇದೆ. ಗುಡ್ಡದ ತಾಪತ್ರಯ ಇಲ್ಲ. ಬೆಂಗಳೂರು, ದುಬೈ ಎಲ್ಲಿದ್ದರೂ ನಮ್ಮ ಕಡೆಯ ದನಿ ಕೇಳಬಹುದು. ಇದು ಬಹಳ ಒಳ್ಳೆಯದಾಯಿತು. ಆದರೆ ನೇರ ಪ್ರಸಾರದ ಹೊತ್ತು ತಪ್ಪಿಸಿಕೊಂಡವರು ಆ ನಾಟಕವನ್ನು ಮತ್ತೆ ಎಲ್ಲಿ ಕೇಳಬೇಕು? ದಶಕಗಳ ಕಾಲ ಆಡಿದ ಕನ್ನಡ ಬಾನುಲಿ ನಾಟಕಗಳು ಒಂದೇ ಕಡೆ, ಹೆಸರು, ವರ್ಷ, ಕಲಾವಿದರ ಪಟ್ಟಿಯ ಜೊತೆ, ಯಾರು ಬೇಕಾದರೂ ಕೇಳುವ ಹಾಗೆ ಸಿಗಬೇಕು. ಕಾಲೇಜಿನ ನಾಟಕ ತಂಡದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ದನಿಯೊಂದರಲ್ಲೇ ಅಳುವುದು ಹೇಗೆ ಅಂತ ಅವರು ಇಲ್ಲಿ ಕಲಿಯಬಹುದು.

ಇನ್ನೊಂದು ಸಣ್ಣ ಬೇಡಿಕೆ. ನಾಟಕ ಶುರುವಾಗುವ ಮೊದಲೂ ಮುಗಿದ ಮೇಲೂ ಎಲ್ಲರ ಹೆಸರನ್ನು ನಿಧಾನವಾಗಿ ಹೇಳಲಿ. ಸದ್ದು ಜೋಡಿಸಿದವರ ಹೆಸರನ್ನೂ ಹೇಳಲಿ. ಮುಖ ಕಾಣದ ಕಲೆಯಲ್ಲಿ ಹೆಸರಾದರೂ ಕೇಳಬೇಕು ಅಲ್ವಾ? ಎಷ್ಟೋ ಸಲ ವಾರ್ತೆಗೆ ಹೊತ್ತಾಯಿತು ಅಂತ ಆ ಹೆಸರುಗಳನ್ನು ಒಂದೇ ಉಸಿರಿಗೆ ಓದಿ ಮುಗಿಸಿಬಿಡುತ್ತಾರೆ. ಅರ್ಧ ನಿಮಿಷ ಜಾಸ್ತಿ ಆಗಲಿ.

ಕೇಳುವ ನಾವೂ ಒಂದು ಕೆಲಸ ಮಾಡಬಹುದು. ಪೋಸ್ಟ್‌ಕಾರ್ಡಿಗೆ ಇವತ್ತಿಗೂ 50 ಪೈಸೆ. ಸಾಲಗಾಮೆ ರಸ್ತೆಯ ಆಕಾಶವಾಣಿಗೆ ಬರೆಯಿರಿ. ಚೆನ್ನಾಗಿತ್ತು ಅಂತ ಬರೆದು ಬಿಡಬೇಡಿ. ಯಾವ ಪಾತ್ರದ ದನಿ ಹಿಡಿಸಿತು, ಎಲ್ಲಿ ಸಪ್ಪೆ ಅನ್ನಿಸಿತು, ಯಾವ ಸದ್ದು ಕೇಳಿ ಬೆಚ್ಚಿದಿರಿ, ಅದನ್ನು ಬರೆಯಿರಿ. ನಮ್ಮ ಅಮ್ಮನ ಪರವಾಗಿ ಆ ಸ್ಟೀಲ್ ಲೋಟದ ಬಗ್ಗೆ ನಾನು ಬರೆದು ಹಾಕಿದ್ದೇನೆ.