ಕಾಲರ್ ಮೇಲಿನ ಬೊಬ್ಬೆ

ನಾನೇ ಹೊಲಿದ ಅಂಗಿ. ಒಂದೇ ಸಲ ಒಗೆದದ್ದು. ಒಣಗಿದ ಮೇಲೆ ನೋಡಿದರೆ ಕಾಲರ್ ತುಂಬ ಬೊಬ್ಬೆ. ಬಿಸಿ ತಾಗಿದ ಕೈಯ ಮೇಲೆ ಏಳುತ್ತದಲ್ಲ, ಥೇಟ್ ಹಾಗೇ. ಕನ್ನಡದಲ್ಲಿ ಗುಳ್ಳೆಗೂ ಬೊಬ್ಬೆ, ಕಿರುಚಾಟಕ್ಕೂ ಬೊಬ್ಬೆ. ಎಷ್ಟು ಅನುಕೂಲ! ಒಂದು ಕಾಲರ್ ಮೇಲೆ ಎದ್ದಿತು, ಇನ್ನೊಂದನ್ನು ನಾನು ಹೊಡೆದೆ.

ತಪ್ಪು ಒಳಗಿನ ಕ್ಯಾನ್ವಾಸ್‌ನದು, ಅಂದರೆ ಕಾಲರ್ ನೆಟ್ಟಗೆ ನಿಲ್ಲಲಿ ಅಂತ ಒಳಗಡೆ ಇಸ್ತ್ರಿಯ ಬಿಸಿಯಲ್ಲಿ ಅಂಟಿಸುವ ಗಟ್ಟಿ ಪದರದ್ದು. ಸರಿ, ನನ್ನದೇ. ಮೇಲಿನ ಹತ್ತಿ ಬಟ್ಟೆ ಆರಿಸಲು ಅರ್ಧ ದಿನ ಕಳೆದಿದ್ದೆ. ಮುಷ್ಟಿಯಲ್ಲಿ ಹಿಂಡಿ ಸುಕ್ಕು ಬೀಳುತ್ತದಾ ಅಂತಲೂ ನೋಡಿದ್ದೆ. ಒಳಗಿನದಕ್ಕೆ ಮಾತ್ರ "ಯಾವುದೋ ಒಂದು ಬಿಳೀದು ಕೊಡಿ" ಅಂದಿದ್ದೆ. ಹೊಲಿಯುವ ಮೊದಲು ಬಟ್ಟೆಯನ್ನು ನೆನೆಸಿ ಒಣಗಿಸುವ ತಾಳ್ಮೆಯೂ ಇರಲಿಲ್ಲ. ಒಗೆದಾಗ ಹತ್ತಿ ಕುಗ್ಗಿತು, ಕ್ಯಾನ್ವಾಸ್ ಕುಗ್ಗಲಿಲ್ಲ. ಒಟ್ಟಿಗೆ ಅಂಟಿಕೊಂಡವರಲ್ಲಿ ಒಬ್ಬರು ಕುಗ್ಗಿ ಇನ್ನೊಬ್ಬರು ಜಗ್ಗದಿದ್ದರೆ ಏನಾಗುತ್ತದೆ ಅಂತ ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

 ಕಾಲರ್‌ನ ಗೋಳು ಅಂದ ಮೇಲೆ ಟ್ರಾಯ್ ಊರಿನ ವಿಷಯ ಹೇಳಲೇಬೇಕು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಊರು ಅದು. 1827ರಲ್ಲಿ ಅಲ್ಲಿನ ಹ್ಯಾನಾ ಮಾಂಟೇಗ್ ಎಂಬಾಕೆಗೆ ಗಂಡನ ಅಂಗಿ ಒಗೆದು ಒಗೆದು ಸಾಕಾಗಿತ್ತಂತೆ. ಕೊಳೆಯಾಗುವುದು ಕಾಲರ್ ಮಾತ್ರ, ಒಗೆಯಬೇಕಾದದ್ದು ಇಡೀ ಅಂಗಿ. ಕತ್ತರಿ ತಗೊಂಡು ಕಾಲರ್ ಕತ್ತರಿಸಿದಳು, ಅದನ್ನಷ್ಟೇ ಒಗೆದು ಮತ್ತೆ ಹೊಲಿದಳು. ಬಿಡಿ ಕಾಲರ್ ಹುಟ್ಟಿದ ಕಥೆ ಇದು. ಆಮೇಲೆ ಊರಿಗೆ ಊರೇ ಕಾಲರ್ ಮಾಡತೊಡಗಿ 'ಕಾಲರ್ ಸಿಟಿ' ಅನ್ನಿಸಿಕೊಂಡಿತು. ಒಬ್ಬ ಹೆಂಗಸು ಕೆಲಸ ಕಡಿಮೆ ಮಾಡಿಕೊಳ್ಳಲು ಹೋಗಿ ನೂರಾರು ಹೆಂಗಸರಿಗೆ ಕೆಲಸ ಹಚ್ಚಿದಳು. ಆ ಕಾಲರ್‌ಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವವರ ಕೈಯಲ್ಲಿ ನಿಜವಾದ ಬೊಬ್ಬೆ. ಕೊನೆಗೆ 1864ರಲ್ಲಿ ಕೇಟ್ ಮುಲೇನಿ ಎಂಬಾಕೆ ಅವರನ್ನೆಲ್ಲ ಸೇರಿಸಿ ಸಂಘ ಕಟ್ಟಿ ಮುಷ್ಕರ ಹೂಡಿದಳು. ಕೂಲಿ ಹೆಚ್ಚಾಯಿತು. ನನಗೆ ಒಂದೇ ಕಾಲರ್‌ಗೆ ಮುಷ್ಕರ ಹೂಡುವ ಮನಸ್ಸಾಗಿದೆ. ಯಾರ ವಿರುದ್ಧ ಅನ್ನುವುದೇ ತೊಡಕು.

ಉಪದೇಶ ಮಾಡುವವರ ವಿರುದ್ಧವೇ ಹೂಡಬಹುದು. "ಇಸ್ತ್ರಿ ಉಜ್ಜಬಾರದು, ಒತ್ತಿ ಹಿಡಿಯಬೇಕು, ಹತ್ತು ಹದಿನೈದು ಸೆಕೆಂಡು." ಗೊತ್ತು ಮಾರಾಯರೇ. "ಮೊದಲು ಒಂದು ಚೂರಿಗೆ ಅಂಟಿಸಿ ಒಗೆದು ನೋಡಬೇಕಿತ್ತು." ಅದೂ ಗೊತ್ತು. ಅಂಗಿ ಹಾಳಾದ ಮೇಲೇ ಯಾಕೆ ಇವರೆಲ್ಲ ಬರುತ್ತಾರೆ?

ನನ್ನ ಡ್ರಾಯರ್ ನೋಡಿದರೆ ಅವರು ಇನ್ನೂ ಜಾಸ್ತಿ ಮಾತಾಡಿಯಾರು. ಬಟ್ಟೆಯ ಒಳಗೂ ಕೆಳಗೂ ಇಡುವ ಇಂಥವುಗಳ ಉಳಿದ ಚೂರುಗಳೆಲ್ಲ ಅದರಲ್ಲಿ. ಎಲ್ಲವೂ ಬಿಳಿ. ಬಕ್ರಂ ಅನ್ನುವ ಗಡಸು ಬಟ್ಟೆಯೊಂದನ್ನು ಮಾತ್ರ ಮುಟ್ಟಿದರೆ ಸಾಕು, ಗೊತ್ತಾಗುತ್ತದೆ. ಕಸೂತಿ ಸುಕ್ಕಾಗದಿರಲಿ ಅಂತ ಕೆಳಗೆ ಇಡುವ ಹಾಳೆಗಳದ್ದೇ ಕಷ್ಟ. ಯಾವುದು ಹರಿದು ತೆಗೆಯುವುದು, ಯಾವುದು ನೀರಲ್ಲಿ ಕರಗುವುದು? ಬೆರಳು ಒದ್ದೆ ಮಾಡಿ ಮುಟ್ಟುತ್ತೇನೆ. ಅಂಟಂಟಾದರೆ ಕರಗುವ ಜಾತಿ. ಹೆಸರು ಬರೆದಿಡಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಸುಮ್ನೆ ಅಂದುಕೊಳ್ಳುವುದು, ಅಷ್ಟೇ.

ಈಗ ಹೊಸ ಕಾಲರ್ ಕತ್ತರಿಸಿ ಆಗಿದೆ. ಈ ಸಲ ಬಟ್ಟೆ ನೆನೆಸಿ ಒಣಗಿಸಿದ್ದೇನೆ. ಇಸ್ತ್ರಿ ಪೆಟ್ಟಿಗೆ ಕಾಯುತ್ತಿದೆ. ಅಂಟಿನ ಚುಕ್ಕಿ ಯಾವ ಬದಿಗಿದೆ ಅಂತ ಕ್ಯಾನ್ವಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ. ಈ ಬದಿಗೇ ಇರಬೇಕು.